ಮುಹೂರ್ತದ ದಿನ ಮಗು ಹಿಡಿಯುವವರು

ಕ್ಯಾಲೆಂಡರಿನಲ್ಲಿ ಒಳ್ಳೆಯ ಮುಹೂರ್ತ ಇದೆ ಎಂದರೆ, ಆ ದಿನ ನಾಗಮಂಗಲದ ನಮ್ಮ ಬೀದಿಯಲ್ಲಿ ಹೆಂಗಸರು ಇರುವುದಿಲ್ಲ ಎಂದು ಅರ್ಥ. ಮಗ ಹುಟ್ಟುವವರೆಗೂ ನಾನಿದನ್ನು ಗಮನಿಸಿರಲಿಲ್ಲ. ಮುಹೂರ್ತ ಎಂದರೆ ನನಗೆ ಕೆಲಸ, ಅಷ್ಟೇ. ನಾನು ಮದುಮಗಳಿಗೆ ಅಲಂಕಾರ ಮಾಡುವವಳು. ಪಾಂಡವಪುರ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣ, ಯಾವ ಛತ್ರಕ್ಕೆ ಕರೆದರೂ ಬಣ್ಣದ ಪೆಟ್ಟಿಗೆ, ಮೊಗ್ಗಿನ ಜಡೆ, ಪಿನ್ನಿನ ಡಬ್ಬಿ ಎತ್ತಿಕೊಂಡು ಬಸ್ಸು ಹತ್ತುತ್ತಿದ್ದೆ.

ಮಗನಿಗೆ ಒಂದೂವರೆ ವರ್ಷವಾದ ಮೇಲೆ ಪೆಟ್ಟಿಗೆಯ ಧೂಳು ಒರೆಸಿ ಮತ್ತೆ ಹೊರಟೆ ನೋಡಿ, ಆಗ ಶುರುವಾಯಿತು ಗ್ರಹಚಾರ. ನಾನು ಕೆಲಸಕ್ಕೆ ಹೋಗುವ ದಿನವೇ, ಮಗು ನೋಡಿಕೊಳ್ಳಬಹುದಾದ ಪ್ರತಿಯೊಬ್ಬ ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ ರೇಷ್ಮೆ ಸೀರೆ ಉಟ್ಟು ಯಾವುದೋ ಛತ್ರದಲ್ಲಿ ಎಲೆ ಮುಂದೆ ಕೂತಿರುತ್ತಿದ್ದರು. ಆಷಾಢ ಬರಲಿ, ಬೀದಿ ತುಂಬ ಅಜ್ಜಿಯರು. ‘ಕೊಡವ್ವ ಕೂಸ್ನ, ಒಸಿ ಹೊತ್ತು ಎತ್ಕೊತೀನಿ’ ಎಂದು ಬಾಗಿಲಿಗೇ ಬರುತ್ತಾರೆ. ಆಷಾಢದಲ್ಲಿ ಯಾರಿಗೆ ಬೇಕಾಗಿತ್ತು ಇವರ ಉಪಕಾರ? ಆಗ ಮದುವೆಯೂ ಇಲ್ಲ, ಕೆಲಸವೂ ಇಲ್ಲ, ನಾನೂ ಮನೆಯಲ್ಲೇ ನೊಣ ಹೊಡೆಯುತ್ತಾ ಕೂತಿರುತ್ತೇನೆ.

ನನ್ನ ಗಂಡ ಸರ್ಕಾರಿ ಬಸ್ಸಿನ ಕಂಡಕ್ಟರು. ಮುಹೂರ್ತದ ದಿನ ಬಸ್ಸಿನ ಮೆಟ್ಟಿಲ ಮೇಲೂ ಜನ ನಿಂತಿರುತ್ತಾರೆ, ರಜೆಯ ಮಾತೇ ಇಲ್ಲ. ಇನ್ನು ಉಳಿದವರು ಅತ್ತೆ. ಅವರಿಗೆ ಮದುವೆ ಎಂದರೆ ಮಗನ ಡ್ಯೂಟಿಗಿಂತ ಹೆಚ್ಚು. ನಮ್ಮ ಮದುವೆಗೆ ಬಂದು ಮುಯ್ಯಿ ಕೊಟ್ಟವರ ಮನೆಯ ಮದುವೆಗೆ ಹೋಗಿ ತಿರುಗಿ ಮುಯ್ಯಿ ಕೊಡದಿದ್ದರೆ, ನಾಳೆ ಬೀದಿಯಲ್ಲಿ ತಲೆ ಎತ್ತಿ ನಡೆಯುವಂತಿಲ್ಲ ಎಂಬುದು ಅವರ ವಾದ. ಒಂದೇ ಒಂದು ಮದುವೆ ತಪ್ಪಿಸಿಕೊಂಡು ಮೊಮ್ಮಗನನ್ನು ನೋಡಿಕೊಳ್ಳಿ ಎಂದು ನಾನು ಬಾಯಿಬಿಟ್ಟು ಕೇಳಿದೆ.

‘ನಾನು ಹೋಗ್ದಿದ್ರೆ ಅವ್ರು ಏನಂದ್ಕೊಂಡಾರವ್ವ’ ಎಂದರು ಅತ್ತೆ, ಸೀರೆಯ ನೆರಿಗೆ ಹಿಡಿದುಕೊಂಡೇ. ‘ಮಗ ಇರೋಳ್ಗೆ ಊರೂರು ಸುತ್ತೋ ಕೆಲ್ಸ ಯಾಕೆ? ಯಾರ್ನಾರ ಉಡುಕ್ಕೊ. ಸಿಗ್ಲಿಲ್ವಾ, ಕೆಲ್ಸ ಬುಟ್ಬುಡು.’

ಅಷ್ಟು ಹೇಳಿ, ‘ಒಸಿ ಈ ಪಿನ್ನು ಆಕವ್ವ’ ಎಂದು ಭುಜ ಒಡ್ಡಿದರು. ನಾನು ಪಿನ್ನು ಹಾಕಿದೆ. ಹಾಕುವಾಗ ಕೈ ತಪ್ಪಿ ಸ್ವಲ್ಪ ಚುಚ್ಚಲಿ ಎಂದು ಮನಸ್ಸಿಗೆ ಬಂತು, ಚುಚ್ಚಲಿಲ್ಲ.

ಬಿಡುವುದೇನು, ಸುಲಭ. ಬರುತ್ತೇನೆಂದು ಒಪ್ಪಿಕೊಂಡ ಒಂದು ಮುಹೂರ್ತಕ್ಕೆ ಹೋಗದಿದ್ದರೆ ಸಾಕು. ಮದುಮಗಳು ಬರೀ ಮುಖ ತೊಳೆದುಕೊಂಡು ಹಸೆಮಣೆಗೆ ಬಂದಳಂತೆ ಎಂಬ ಸುದ್ದಿ ನಾಲ್ಕು ತಾಲ್ಲೂಕಿಗೂ ಹರಡುತ್ತದೆ, ಆಮೇಲೆ ನನ್ನನ್ನು ಯಾರೂ ಕರೆಯುವುದಿಲ್ಲ. ಆದರೆ ಆ ಪೆಟ್ಟಿಗೆ ನಾನು ಮದುವೆಗೆ ಮುಂಚೆ ರವಿಕೆ ಹೊಲಿದ ದುಡ್ಡಿನಲ್ಲಿ ಕೊಂಡದ್ದು. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ. ಬಿಡಲು ನನಗೆ ಸುತರಾಂ ಇಷ್ಟವಿರಲಿಲ್ಲ. ಮಗುವನ್ನು ದಿನಾ ಯಾರೂ ನೋಡಿಕೊಳ್ಳಬೇಕಾಗಿಲ್ಲ, ಮುಹೂರ್ತವಿರುವ ದಿನ ಮಾತ್ರ ನೋಡಿಕೊಂಡರೆ ಸಾಕು. ಅಂಥವರನ್ನು ಹುಡುಕಲು ಹೊರಟೆ.

ಅಂಗನವಾಡಿಯಲ್ಲಿ ಕೇಳಿದೆ. ಮಗನಿಗೆ ಇನ್ನೂ ವಯಸ್ಸಾಗಿಲ್ಲ ಎಂದರು, ಆ ಮಾತು ನ್ಯಾಯವೇ. ಹೊಸದಾಗಿ ಯಾರೋ ಮಕ್ಕಳನ್ನು ನೋಡಿಕೊಳ್ಳುವ ಮನೆ ತೆರೆದಿದ್ದಾರೆ, ಗೋಡೆ ತುಂಬ ಆನೆ, ಜಿರಾಫೆ ಬರೆಸಿದ್ದಾರೆ ಎಂದು ಗೊತ್ತಾಗಿ ಅಲ್ಲಿಗೂ ಹೋದೆ. ಅಲ್ಲಿಯ ಮೇಡಂ ನನ್ನನ್ನು ಕೂರಿಸಿ ನೀರು ಕೊಟ್ಟು, ‘ಒಂದೊಂದು ದಿನಕ್ಕೆಲ್ಲ ನಾವು ತಗೊಳ್ಳಲ್ಲಮ್ಮ. ಬಂದ್ರೆ ದಿನಾ ಬರ್ಬೇಕು. ಭಾನುವಾರ ರಜ’ ಎಂದರು.

‘ಮದುವೆಗಳೆಲ್ಲ ಭಾನುವಾರವೇ ಇರೋದು ಮೇಡಂ’ ಎಂದೆ.

‘ಅದಕ್ಕೇ ರಜ’ ಎಂದರು ಅವರು. ‘ನಾವೂ ಮದ್ವೆಗೆ ಹೋಗ್ಬೇಕಲ್ವಾ?’

ಕೊನೆಗೆ ಯಾರೂ ಬೇಡ, ಜೊತೆಯಲ್ಲೇ ಕರೆದುಕೊಂಡು ಹೋಗುತ್ತೇನೆ ಎಂದು ಹಟ ಹಿಡಿದು ಶ್ರೀರಂಗಪಟ್ಟಣದ ಒಂದು ಮದುವೆಗೆ ಮಗನನ್ನೂ ಹೊತ್ತುಕೊಂಡು ಹೋದೆ. ಮದುಮಗಳ ಕೋಣೆಯಲ್ಲಿ ಅವನು ಮೊದಲು ಮೊಗ್ಗಿನ ಜಡೆಯ ತುದಿಯನ್ನು ತಿಂದ. ಆಮೇಲೆ ಹತ್ತಿಯ ಉಂಡೆಗಳನ್ನೆಲ್ಲ ಬಕೆಟ್ಟಿಗೆ ಹಾಕಿದ. ನಾನು ಜಡೆ ಸರಿಮಾಡಲು ತಿರುಗಿದಾಗ ಮದುಮಗಳ ತೊಡೆ ಹತ್ತಿ ಕೂತು, ಅವಳ ಸರ ಹಿಡಿದು, ‘ಅವ್ವ’ ಎಂದ. ಅವನು ಆಗ ಎಲ್ಲರಿಗೂ ಅವ್ವ ಎನ್ನುತ್ತಿದ್ದ, ಹಾಲಿನವನಿಗೂ ಸೇರಿಸಿ. ಸರಿಯಾಗಿ ಅದೇ ಹೊತ್ತಿಗೆ ಗಂಡಿನ ಕಡೆಯ ಹೆಂಗಸರು ಹೆಣ್ಣನ್ನು ನೋಡಲು ಒಳಗೆ ಬಂದರು. ಜೊತೆಗೆ ವಿಡಿಯೋದವನು.

ಗಂಡಿನ ಅಜ್ಜಿ ಬಾಗಿಲಲ್ಲೇ ನಿಂತು ಮಗುವನ್ನು ನೋಡಿದರು, ಮದುಮಗಳನ್ನು ನೋಡಿದರು, ಮತ್ತೆ ಮಗುವನ್ನು ನೋಡಿದರು. ‘ಇದ್ಯಾರ್ದವ್ವ ಮಗ?’ ಎಂದರು. ನಂದು, ನಂದು ಎಂದು ನಾನು ಕಿರುಚುವಷ್ಟರಲ್ಲಿ ಹೆಣ್ಣಿನ ತಾಯಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಎಲ್ಲ ತಿಳಿಯಾದ ಮೇಲೆ ಎಲ್ಲರೂ ನಕ್ಕರು, ಹೆಣ್ಣಿನ ತಾಯಿಯೊಬ್ಬರನ್ನು ಬಿಟ್ಟು. ಅವರು ನನ್ನನ್ನು ಅಡುಗೆಮನೆಯ ಹಿಂದಕ್ಕೆ ಕರೆದುಕೊಂಡು ಹೋಗಿ, ‘ಇನ್ಮೇಲೆ ಯಾರ ಮದ್ವೆಗೂ ಈ ಮಗೀನ ತರ್ಬ್ಯಾಡ ತಾಯಿ’ ಎಂದು ಕೈ ಮುಗಿದರು. ಅಲ್ಲಿಗೆ ಆ ದಾರಿಯೂ ಮುಚ್ಚಿತು.

ಇಲ್ಲಿ ನನ್ನ ತಮ್ಮನ ವಿಚಾರ ಹೇಳಬೇಕು. ಅಪ್ಪ, ಅವ್ವ ಇಬ್ಬರೂ ಈಗಿಲ್ಲ. ಸಂತೆಬಾಚಹಳ್ಳಿ ಹತ್ತಿರದ ನಮ್ಮೂರಿನಲ್ಲಿ ಅವನೊಬ್ಬನೇ ಇದ್ದಾನೆ, ನನಗೆ ತವರು ಎಂದರೆ ಅವನೇ. ಹಸು ಕಟ್ಟಿದ್ದಾನೆ, ಹೊತ್ತಿಗೆ ಸರಿಯಾಗಿ ಡೈರಿಗೆ ಹಾಲು ಹಾಕುತ್ತಾನೆ, ಯಾರ ತಂಟೆಗೂ ಹೋಗುವುದಿಲ್ಲ. ಆದರೆ ಮದುವೆಯಾಗಿಲ್ಲ. ಹಸು ಕಟ್ಟಿಕೊಂಡವನಿಗೆ ನಮ್ಮ ಕಡೆ ಈಗ ಹೆಣ್ಣು ಕೊಡುವವರಿಲ್ಲ. ಇದು ಅವನಿಗೂ ಗೊತ್ತು, ಊರಿಗೂ ಗೊತ್ತು. ಆದರೂ ಯಾವ ಛತ್ರಕ್ಕೆ ಹೋದರೂ ಕಾಲಿಟ್ಟ ಕೂಡಲೇ ಒಬ್ಬರಲ್ಲ ಒಬ್ಬರು, ‘ಎಲ್ರುದೂ ಆಯ್ತು, ನಿಂದ್ಯಾವಾಗ್ಲಾ?’ ಎಂದು ಕೇಳುತ್ತಾರೆ. ಕೇಳಿಸಿಕೊಂಡು ಕೇಳಿಸಿಕೊಂಡು ಅವನು ಮದುವೆಗಳಿಗೆ ಹೋಗುವುದನ್ನೇ ಬಿಟ್ಟುಬಿಟ್ಟ. ಮುಹೂರ್ತದ ದಿನ ಬೆಳಗಿನ ಹಾಲು ಹಾಕಿ ಬಂದವನು ಸಂಜೆಯ ಹಾಲಿನವರೆಗೂ ಕದ ಹಾಕಿಕೊಂಡು ಮಲಗುತ್ತಿದ್ದ.

ಅವನ ಸಡಗರವೆಲ್ಲ ನನ್ನ ಮಗನ ಕಿವಿಯ ಮೇಲಿತ್ತು. ನಮ್ಮಲ್ಲಿ ಮಗುವಿಗೆ ಕಿವಿ ಚುಚ್ಚಿಸುವುದು ಸೋದರಮಾವನ ತೊಡೆಯ ಮೇಲೆ. ಓಲೆ ಅವನದು, ಬಟ್ಟೆ ಅವನದು, ಬಾಡೂಟವೂ ಅವನದೇ. ಅದಕ್ಕೆಂದೇ ತಮ್ಮ ಒಂದು ಟಗರು ಸಾಕುತ್ತಿದ್ದ. ಫೋನು ಮಾಡಿದರೆ ಮಗು ಹೇಗಿದೆ ಎಂದು ಕೇಳುವ ಮೊದಲು ಟಗರು ಹೇಗಿದೆ ಎಂದು ಹೇಳುತ್ತಿದ್ದ. ‘ಇನ್ನೊಸಿ ಮೈ ಕಟ್ಲಿ ಕಣಕ್ಕ, ಜೋರಾಗೇ ಮಾಡವ’ ಎನ್ನುತ್ತಿದ್ದ. ಮದುವೆಯ ಊಟ ಹಾಕುವ ಯೋಗವಂತೂ ಇಲ್ಲ, ಇದಾದರೂ ಹಾಕುತ್ತೇನೆ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ, ನನಗೆ ಗೊತ್ತಿತ್ತು.

ಆಗ ಪಾಂಡವಪುರದ ಒಂದು ದೊಡ್ಡ ಮದುವೆ ಒಪ್ಪಿಕೊಂಡೆ. ಮಗುವನ್ನು ಎಲ್ಲಿ ಬಿಡುವುದು ಎಂದು ತಲೆ ಕೆಟ್ಟುಹೋಗಿತ್ತು. ಮುರಿದ ಒಂದು ಸೊಂಟಪಟ್ಟಿ ಹಿಡಿದು ಎದುರು ಬೀದಿಯ ಆಚಾರ್ರ ಅಂಗಡಿಗೆ ಹೋದೆ. ಅವರು ಚಿನ್ನದ ಕೆಲಸದ ಮುದುಕರು. ನನ್ನ ಬಾಡಿಗೆ ಒಡವೆಗಳ ಕೊಂಡಿ ಕಿತ್ತರೆ ಬೆಸೆದುಕೊಡುತ್ತಿದ್ದರು. ಅಂಗಡಿಯ ಹಿಂದೆಯೇ ಮನೆ. ಅಲ್ಲಿ ಕೂತಿದ್ದಾಗ ನನಗೆ ಹೊಳೆಯಿತು: ಮುಹೂರ್ತದ ಹಿಂದಿನ ದಿನದವರೆಗೂ ಆಚಾರ್ರಿಗೆ ಉಸಿರಾಡಲು ಬಿಡುವಿರುವುದಿಲ್ಲ, ತಾಳಿ ಕೊಟ್ಟು ಕಳಿಸಿದ ಮೇಲೆ ಮುಹೂರ್ತದ ದಿನ ಅಂಗಡಿ ಬಣಬಣ. ಅವರ ಹೆಂಡತಿ ಆಚಾರಮ್ಮನಿಗೆ ಛತ್ರದ ಊಟ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ, ಅವರು ಎಲ್ಲಿಗೂ ಹೋಗುವುದಿಲ್ಲ. ಮುಹೂರ್ತದ ದಿನ ಮನೆಯಲ್ಲಿರುವ ಹೆಂಗಸು ಇಡೀ ಪೇಟೆಯಲ್ಲಿ ಅವರೊಬ್ಬರೇ. ಇಷ್ಟು ದಿನ ನನ್ನ ಬುದ್ಧಿಗೇಕೆ ಮಂಕು ಕವಿದಿತ್ತೋ ಕಾಣೆ.

ಒಳಗೆ ಹೋಗಿ ಆಚಾರಮ್ಮನನ್ನು ಕೇಳಿದೆ. ‘ಅದ್ಕೇನಮ್ಮ, ತಂದ್ ಬುಡು. ನಂಗೂ ಮಾತಾಡೋಕ್ ಯಾರೂ ಇಲ್ಲ’ ಎಂದರು. ಮಾತಾಡಲು ಯಾರೂ ಇಲ್ಲ ಎಂಬ ಮಾತನ್ನು ನಾನು ಸುಮ್ಮನೆ ಕೇಳಿಸಿಕೊಂಡೆ. ಆ ವಾರ ಗಂಡ ಹೆಂಡತಿಗೆ ಜಗಳವಾಗಿ ಮಾತು ಬಿಟ್ಟಿದ್ದಾರೆ, ಊಟಕ್ಕೆ ಕರೆಯಬೇಕಾದರೂ ತಟ್ಟೆ ಬಡಿದು ಕರೆಯುತ್ತಾರೆ ಎಂಬುದು ನನಗೆ ಆಮೇಲೆ ತಿಳಿಯಿತು.

ಮುಹೂರ್ತದ ದಿನ ಬೆಳಿಗ್ಗೆ ಮಗನಿಗೆ ಎಣ್ಣೆನೀರು ಹಾಕಿದೆ. ಮೊದಲ ಸಲ ಒಬ್ಬರ ಮನೆಯಲ್ಲಿ ಬಿಡುವುದು, ಚೆನ್ನಾಗಿ ಕಾಣಲಿ ಎಂದು ಹೊಸ ಜುಬ್ಬ ತೊಡಿಸಿದೆ. ಆಚಾರಮ್ಮ ಕೈಗೆ ದುಡ್ಡು ಕೊಟ್ಟರೆ ಮುಟ್ಟುವವರಲ್ಲ. ಅದಕ್ಕೆ ಅತ್ತೆ, ‘ಬರಿಗೈಲಿ ಹೋಗ್ಬ್ಯಾಡ’ ಎಂದು ಹೇಳಿ ತಟ್ಟೆಯಲ್ಲಿ ಅಕ್ಕಿ, ಬೆಲ್ಲ, ಕಾಯಿ, ಬಾಳೆಹಣ್ಣು, ಎಲೆ ಅಡಿಕೆ ಇಟ್ಟು, ಎಲೆಯ ಮೇಲೆ ಒಂದು ನೋಟು ಇಟ್ಟುಕೊಟ್ಟರು. ಇಷ್ಟು ಮಾಡಿ ಅವರು ತಮಗೆ ಕರೆ ಬಂದಿದ್ದ ಮದುವೆಗೆ ಹೊರಟರು. ನಾನು ಅಂಗಡಿಗೆ ಹೋದಾಗ ಆಚಾರ್ರು ಇರಲಿಲ್ಲ. ಕಾಲುಗೆಜ್ಜೆ ಬೆಸೆಸಲು ಬಂದ ಯಾರೋ ಒಬ್ಬ ಗಿರಾಕಿ ಬೆಂಚಿನ ಮೇಲೆ ಕೂತು ಕಾಯುತ್ತಿದ್ದ. ಒಳಗಿನಿಂದ ಆಚಾರಮ್ಮ, ‘ಅಲ್ಲೇ ಚಾಪೆ ಮೇಲೆ ಕೂರ್ಸಮ್ಮ, ಒಲೆ ಮೇಲೆ ಹಾಲೈತೆ, ಬಂದೆ’ ಎಂದು ಕೂಗಿದರು. ಮಗನನ್ನು ಕೂರಿಸಿ, ಪಕ್ಕದಲ್ಲಿ ತಟ್ಟೆ ಇಟ್ಟು, ಬಸ್ಸಿಗೆ ಓಡಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಪಾಂಡವಪುರ ಬರುವವರೆಗೂ ನನ್ನಷ್ಟು ಜಾಣೆ ಯಾರಿದ್ದಾರೆ ಎಂದು ಖುಷಿಯಾಗಿದ್ದೆ.

ಮದುಮಗಳ ಒಂದು ಕಣ್ಣಿಗೆ ಕಾಡಿಗೆ ತೀಡಿ ಮುಗಿಸಿದ್ದೆ. ಫೋನು ಬಂತು. ಆಚಾರ್ರು.

‘ಒಂದು ಕಿವಿ ಆಯ್ತು ಕಣಮ್ಮ’ ಎಂದರು. ‘ಇನ್ನೊಂದಕ್ಕೆ ಮಗ ಬುಡ್ತಾ ಇಲ್ಲ. ಮಗೀನ ಸೋದರಮಾವ ಬೇರೆ ಎದ್ದೋಗ್ಬುಟ್ಟ.’

‘ಯಾವ ಕಿವಿ? ಯಾವ ಸೋದರಮಾವ?’ ಎಂದೆ.

‘ಯಾವ ಸೋದರಮಾವ ಅಂದ್ರೆ? ನೀವೇ ಕೂರ್ಸಿ ಹೋಗಿದ್ರಲ್ಲಮ್ಮ, ಚೌಕಳಿ ಷರ್ಟಿನವ್ನು.’

ಆಚಾರ್ರು ಮಾಡಿದ್ದೇನು ಎಂದು ಆಮೇಲೆ ಅವರ ಬಾಯಿಂದಲೇ ಕೇಳಿದೆ, ಕೇಳಿದ ಮೇಲೆ ಜಗಳವಾಡಲು ನನಗೆ ಒಂದು ಎಳೆಯೂ ಸಿಗಲಿಲ್ಲ. ‘ಒಳ್ಳೆ ದಿನ. ಮಗೀಗೆ ಎಣ್ಣೆನೀರು ಆಗೈತೆ, ಹೊಸ ಬಟ್ಟೆ ಹಾಕೈತೆ. ತಟ್ಟೇಲಿ ಅಕ್ಕಿ ಬೆಲ್ಲ ಕಾಯಿ ಐತೆ, ಎಲೆ ಮೇಲೆ ದಕ್ಷಿಣೆ ಐತೆ. ಒಬ್ಬ ಗಂಡಸು ಮಗೀನ ತೊಡೆ ಮೇಲೆ ಕೂರ್ಸ್ಕೊಂಡವ್ನೆ. ಅಕ್ಕಸಾಲಿ ಇನ್ನೇನಮ್ಮ ಮಾಡ್ಬೇಕು?’ ಎಂದು ಅವರು ನನ್ನನ್ನೇ ಕೇಳಿದರು. ನಿಜ, ನಾನು ಅಷ್ಟೂ ಸಾಮಾನು ಜೋಡಿಸಿ ಇಟ್ಟಿದ್ದೆ. ಮಗು ಏಕೆ ಬಂದಿದೆ ಎಂದು ಹೇಳಬೇಕಾದ ಆಚಾರಮ್ಮ ಗಂಡನ ಜೊತೆ ಮಾತು ಬಿಟ್ಟಿದ್ದರು.

ಆ ಗಿರಾಕಿಯಾದರೂ ಬಾಯಿಬಿಡಬೇಕಿತ್ತು. ಅವನು ಪಾಪ, ಮಗು ಒಂಟಿಯಾಗಿ ಕೂತಿದೆಯಲ್ಲ ಎಂದು ಎತ್ತಿಕೊಂಡಿದ್ದ. ಆಚಾರ್ರು ಬಂದು, ‘ತಲೆ ಗಟ್ಟಿಯಾಗಿ ಇಡ್ಕಳಪ್ಪ’ ಎಂದರು, ಹಿಡಿದುಕೊಂಡ. ನಮ್ಮ ಕಡೆ ಹಾಗೇ, ಒಬ್ಬರು ಹಿಡಿ ಎಂದರೆ ಇನ್ನೊಬ್ಬರು ಏಕೆ ಎಂದು ಕೇಳದೆ ಹಿಡಿಯುತ್ತಾರೆ. ಚಿನ್ನದ ತಂತಿ ಒಂದು ಕಿವಿಯೊಳಗೆ ಹೋದ ಕೂಡಲೇ ಮಗ ಅವನ ಹೆಬ್ಬೆರಳಿಗೆ ಹಲ್ಲು ನಾಟಿಸಿದ. ಗಿರಾಕಿ ಮಗುವನ್ನು ಚಾಪೆಯ ಮೇಲಿಟ್ಟು, ಕಾಲುಗೆಜ್ಜೆಯನ್ನೂ ಅಲ್ಲೇ ಬಿಟ್ಟು, ಕಾಲಿಗೆ ಬುದ್ಧಿ ಹೇಳಿದ.

ಇತ್ತ ಪಾಂಡವಪುರದಲ್ಲಿ ಮದುಮಗಳು, ‘ಏನಾಯ್ತಕ್ಕ?’ ಎಂದಳು.

‘ಏನಿಲ್ಲ ಕಣವ್ವ. ನಿಂಗೆ ಒಂದ್ ಕಣ್ಣಾಗೈತೆ, ನನ್ ಮಗಂಗೆ ಒಂದ್ ಕಿವಿ ಆಗೈತೆ’ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಆಚಾರಮ್ಮ ಫೋನಿಗೆ ಬಂದು, ಮಗು ಅಳು ನಿಲ್ಲಿಸಿ ಬೆಲ್ಲ ತಿನ್ನುತ್ತಿದೆ ಎಂದ ಮೇಲೆ ನಾನು ಇನ್ನೊಂದು ಕಣ್ಣು ಮುಗಿಸಿದೆ. ಕಾಡಿಗೆ ಸ್ವಲ್ಪ ಏರುಪೇರಾಯಿತು. ಯಾರೂ ಗಮನಿಸಲಿಲ್ಲ, ಫೋಟೋದಲ್ಲಿ ಈಗಲೂ ಕಾಣುತ್ತದೆ.

ಮನೆಗೆ ಬಂದು ಆ ಕಿವಿ ನೋಡಿ ಅತ್ತುಬಿಟ್ಟೆ. ನೋವಾಯಿತಲ್ಲ ಎಂದಲ್ಲ, ಮಗ ಖುಷಿಯಾಗಿಯೇ ಇದ್ದ. ತಮ್ಮನಿಗೆ ಯಾವ ಬಾಯಲ್ಲಿ ಹೇಳುವುದು ಎಂದು ಅತ್ತದ್ದು. ನನ್ನ ಗಂಡ ಟೋಪಿ ಹಾಕಿಬಿಡು ಎಂದರು. ಹಾಕಿದೆ. ಸಂಜೆ ತಮ್ಮ ವಿಡಿಯೋ ಕಾಲ್ ಮಾಡಿ ಟಗರಿಗೆ ಹುರುಳಿ ತಿನ್ನಿಸುವುದನ್ನು ತೋರಿಸುತ್ತಿದ್ದ. ಬೇಸಿಗೆಯಲ್ಲಿ ಉಣ್ಣೆಯ ಟೋಪಿ ಯಾಕೆ ಎಂದು ಅವನು ಕೇಳುವಷ್ಟರಲ್ಲಿ ಮಗ ಟೋಪಿ ಕಿತ್ತು ಎಸೆದು, ಟಗರಿಗೆ, ‘ಅವ್ವ’ ಎಂದ.

ತಮ್ಮ ಹುರುಳಿಯ ಬುಟ್ಟಿ ಕೆಳಗಿಟ್ಟ. ಆಮೇಲೆ, ‘ಯಾರ್ ತೊಡೆ ಮೇಲೆ ಕೂರ್ಸಿದ್ರಿ?’ ಎಂದ.

‘ಗೊತ್ತಿಲ್ಲ ಕಣ್ಲಾ’ ಎಂದೆ.

‘ಗೊತ್ತಿಲ್ಲ ಅಂದ್ರೆ?’

‘ಕಾಲ್ಗೆಜ್ಜೆ ಬೆಸಿಸೋಕೆ ಬಂದಿದ್ನಂತೆ.’

ಫೋನು ಇಟ್ಟುಬಿಟ್ಟ. ಮಾರನೆಯ ದಿನ ಬೆಳಗಿನ ಹಾಲು ಹಾಕಿ, ಡೈರಿಯ ವಾಸನೆಯ ಅದೇ ಷರ್ಟಿನಲ್ಲಿ ಬೈಕು ಹತ್ತಿ ಬಂದುಬಿಟ್ಟ. ಅವನಿಗೆ ಇದ್ದದ್ದು ಅದೊಂದೇ ಷರ್ಟು ಎಂದಲ್ಲ, ಒಳ್ಳೆಯ ಬಟ್ಟೆ ತೆಗೆದುಕೊಳ್ಳುವುದನ್ನು ಅವನು ಮದುವೆಗಳ ಜೊತೆಗೇ ಬಿಟ್ಟಿದ್ದ. ನನಗೆ ಒಂದು ಮಾತೂ ಬಯ್ಯಲಿಲ್ಲ. ಅದಕ್ಕಿಂತ ಬಯ್ದಿದ್ದರೇ ಚೆನ್ನಾಗಿತ್ತು. ಮಗನನ್ನು ಎತ್ತಿಕೊಂಡು ನೇರವಾಗಿ ಆಚಾರ್ರ ಅಂಗಡಿಗೆ ಹೋಗಿ ಬೆಂಚಿನ ಮೇಲೆ ಕೂತ. ‘ಗೆಜ್ಜೆ ಇಸ್ಕೊಳೋಕೆ ಬತ್ತಾನಲ್ಲ, ಬರ್ಲಿ. ಅವ್ನ ಮುಖ ಒಂದ್ಸಲ ನೋಡ್ಬೇಕು’ ಎಂದ.

ಆ ಮುಖ ಮುಂದಿನ ಭಾನುವಾರದವರೆಗೂ ಬರಲಿಲ್ಲ. ತಮ್ಮ ದಿನವೂ ಎರಡು ಹಾಲಿನ ನಡುವೆ ಬಂದು ಕಾದ. ತೊಡೆಯ ಮೇಲೆ ಮಗ. ‘ಇನ್ನೊಂದು ಕಿವೀಗೆ ಯಾರ್ ಕೈ ಹಾಕ್ತಾರೋ ನೋಡೇ ಬುಡ್ತೀನಿ’ ಎಂದು ಆಚಾರ್ರಿಗೆ ಕೇಳುವಂತೆ ಹೇಳುತ್ತಿದ್ದ. ಆಚಾರ್ರು ತಲೆ ಎತ್ತದೆ ಕುಲುಮೆ ಊದುತ್ತಿದ್ದರು. ಭಾನುವಾರ ಮತ್ತೆ ಮುಹೂರ್ತ. ದೇವಲಾಪುರದ ಹೆಣ್ಣು, ನಾಗಮಂಗಲದಲ್ಲೇ ಮದುವೆ. ಮಗು ಎಲ್ಲಿ ಬಿಡಲಿ ಎಂದು ಹಿಂದಿನ ದಿನವೆಲ್ಲ ಒದ್ದಾಡಿದ್ದೆ, ಆ ಬೆಂಚಿನ ಮುಂದೆ ಬಂದು ನಿಂತಾಗ ನನಗೇ ನಗು ಬಂತು. ಇವನು ಕದ ಹಾಕಿಕೊಂಡು ಮಲಗುವ ದಿನವೇ ನನಗೆ ಜನ ಬೇಕಾಗಿದ್ದದ್ದು. ಅವನ ಎರಡು ಹಾಲಿನ ನಡುವಿನ ಹೊತ್ತೇ ನನ್ನ ಕೆಲಸದ ಹೊತ್ತು. ಅಜ್ಜಿಯರನ್ನೆಲ್ಲ ಕೇಳಿ, ಜಿರಾಫೆಯ ಮನೆಗೂ ಹೋಗಿ ಬಂದಿದ್ದೆ. ಗಂಡಸು ಮಗು ನೋಡಿಕೊಂಡಾನು ಎಂದು ನನಗಿರಲಿ, ಅವನಿಗೂ ಹೊಳೆದಿರಲಿಲ್ಲ.

‘ನಾನು ಛತ್ರಕ್ಕೋಗ್ಬೇಕು ಕಣ್ಲಾ. ಒಸಿ ನೋಡ್ಕೊತೀಯಾ?’ ಎಂದೆ.

‘ನೋಡ್ಕೊಳೋದೇನು, ಕಾಯ್ತೀನಿ’ ಎಂದ.

ಅಂದು ಗೆಜ್ಜೆಯವನೂ ಬಂದ. ತಮ್ಮ ಎದ್ದು ನಿಂತನಂತೆ. ಅವನು ಬ್ಯಾಂಡೇಜು ಕಟ್ಟಿದ ಹೆಬ್ಬೆರಳು ತೋರಿಸಿ, ‘ನಾನೇನ್ ಮಾಡ್ಲಣ್ಣ, ಇಡ್ಕೊ ಅಂದ್ರು, ಇಡ್ಕೊಂಡೆ’ ಎಂದನಂತೆ. ತಮ್ಮ ಆ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿ, ಹಲ್ಲಿನ ಗುರುತು ಎಣಿಸಿ, ‘ನಮ್ ಅಪ್ಪನ್ ಹಲ್ಲೇ ಕಣಯ್ಯ ಇವ್ನಿಗೆ’ ಎಂದು ಹೆಮ್ಮೆಪಟ್ಟು, ಅವನನ್ನು ಬಾಡೂಟಕ್ಕೆ ಕರೆದುಬಿಟ್ಟನಂತೆ. ಇದನ್ನು ನನಗೆ ಹೇಳಿದವರು ಆಚಾರ್ರು. ಅವರು ನಗುತ್ತಿದ್ದರು, ಒಳಗಿನಿಂದ ಆಚಾರಮ್ಮನೂ ನಗುತ್ತಿದ್ದರು, ಆದರೆ ಇಬ್ಬರೂ ಬೇರೆ ಬೇರೆಯಾಗಿ.

ಆಮೇಲೆ ಪ್ರತಿ ಮುಹೂರ್ತಕ್ಕೂ ತಮ್ಮ ಬಂದ, ನಾನು ಕರೆಯಲಿಲ್ಲ. ಎರಡನೇ ಕಿವಿ ಕಾಯಲು ಬರುತ್ತಿದ್ದ. ಮಗನನ್ನು ಕೆಳಗೆ ಬಿಡುತ್ತಿರಲಿಲ್ಲ, ಊಟ ಮಾಡಿಸುತ್ತಿದ್ದ, ಮಲಗಿಸುತ್ತಿದ್ದ, ಹಸುವಿಗೆ ಹೇಳುವಂತೆ ‘ಹೋ, ಹೋ, ನಿಂತ್ಕೊ’ ಎಂದು ಹೇಳಿ ಬಟ್ಟೆ ಬದಲಾಯಿಸುತ್ತಿದ್ದ. ನನ್ನ ಮಗ ನನ್ನ ಮಾತಿಗೆ ನಿಲ್ಲದವನು ಅದಕ್ಕೆ ನಿಲ್ಲುತ್ತಿದ್ದ. ನಾನು ನೆಮ್ಮದಿಯಾಗಿ ಕೆಲಸಕ್ಕೆ ಹೋಗಿ ಬರುತ್ತಿದ್ದೆ.

ಆಗ ನನಗೆ ಹೊಸ ದಿಗಿಲು ಹಿಡಿಯಿತು. ಎರಡನೇ ಕಿವಿ ಚುಚ್ಚಿಸಿದರೆ ಕಾಯಲು ಏನಿರುತ್ತದೆ? ಇವನು ಮತ್ತೆ ಬರುತ್ತಾನೆಯೇ? ಅಲ್ಲಿಗೆ ನನ್ನ ಪೆಟ್ಟಿಗೆ ಅಟ್ಟಕ್ಕೆ. ಹಾಗಾಗಿ ಮುಂದಕ್ಕೆ ಹಾಕತೊಡಗಿದೆ. ಮಗನಿಗೆ ನೆಗಡಿ ಎಂದೆ. ಹಲ್ಲು ಬರುತ್ತಿದೆ ಎಂದೆ. ಮೊದಲ ಕಿವಿ ಪೂರ್ತಿ ಮಾಗಲಿ ಎಂದೆ. ಒಂಟಿ ಓಲೆಯ ಮಗುವನ್ನು ನೋಡಿದವರೆಲ್ಲ ಇನ್ನೊಂದು ಎಲ್ಲಿ ಬಿತ್ತು ಎಂದು ನೆಲ ಹುಡುಕುತ್ತಿದ್ದರು. ‘ಅರ್ಧ ಕೆಲ್ಸ ಮಾಡಿ ಬುಟ್ಟಿದ್ದೀರಲ್ಲ, ನೋಡ್ದೋರು ಏನಂದ್ಕೊಂಡಾರು’ ಎಂದು ಅತ್ತೆ ದಿನಾ ಕೂಗಾಡುತ್ತಿದ್ದರು. ತಮ್ಮನಿಗೂ ಚಿಂತೆ. ‘ಟಗರು ಬಲೀತಾ ಐತೆ ಕಣಕ್ಕ. ಇನ್ನೂ ಬುಟ್ರೆ ಬೇಯಕ್ಕಿಲ್ಲ’ ಎನ್ನುತ್ತಿದ್ದ.

ಹೀಗಿರುವಾಗ ಕೆ.ಆರ್. ಪೇಟೆಯ ಮದುವೆ ಬಂತು. ನಾನು ಮದುಮಗಳನ್ನು ಹಸೆಮಣೆಗೆ ಕಳಿಸಿ ಕೈ ತೊಳೆಯುತ್ತಿದ್ದೆ, ಛತ್ರದ ಗೇಟಿನ ಹೊರಗೆ ತಮ್ಮ ಮಗುವನ್ನೆತ್ತಿಕೊಂಡು ನಿಂತಿರುವುದು ಕಾಣಿಸಿತು. ಬೆಳಿಗ್ಗೆಯಿಂದ ಒಂದೇ ಸಮನೆ ಅಳು, ಏನು ಮಾಡಿದರೂ ನಿಲ್ಲಲಿಲ್ಲ ಎಂದು ಬಸ್ಸು ಹತ್ತಿಸಿಕೊಂಡು ಬಂದಿದ್ದ. ನನ್ನನ್ನು ಕಂಡದ್ದೇ ಅಳು ನಿಂತಿತು. ‘ಬಾ ಊಟ ಮಾಡು’ ಎಂದರೆ, ‘ನಾನ್ ಇಲ್ಲೇ ಇರ್ತೀನಿ ಬುಡಕ್ಕ’ ಎಂದು ಗೇಟಿನ ಕಂಬಕ್ಕೆ ಅಂಟಿಕೊಂಡ. ಅಷ್ಟರಲ್ಲಿ ಮದುಮಗಳ ದೊಡ್ಡಪ್ಪ ಬಂದು, ಮಗು ಎತ್ತಿಕೊಂಡು ಬಿಸಿಲಲ್ಲಿ ನಿಲ್ಲುವುದುಂಟೇ ಎಂದು ಅವನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗಿ, ಊಟದ ಸಾಲಿನಲ್ಲಿ ಕೂರಿಸಿಬಿಟ್ಟರು.

ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಪಕ್ಕದ ಎಲೆಯಲ್ಲಿ ನಮ್ಮೂರಿನ ಹಿರಿಯರೊಬ್ಬರು. ಪ್ರತಿ ಮದುವೆಯಲ್ಲೂ ಮೊದಲು ಅದೇ ಪ್ರಶ್ನೆ ಕೇಳುತ್ತಿದ್ದವರು. ತಮ್ಮ ಅವರನ್ನು ನೋಡಿದ, ಅವರು ತಮ್ಮನನ್ನು ನೋಡಿ ಬಾಯಿ ತೆರೆದರು. ಮಗ ತನ್ನ ಕೈಯಲ್ಲಿದ್ದ ಅರ್ಧ ಕಚ್ಚಿದ ಹಪ್ಪಳವನ್ನು ಆ ತೆರೆದ ಬಾಯಿಗೆ ಇಟ್ಟುಬಿಟ್ಟ. ಹಿರಿಯರು ಅದನ್ನು ತಿಂದರು, ತಿನ್ನದೆ ಏನು ಮಾಡಿಯಾರು? ಆಮೇಲೆ, ‘ಯಾರ್ಲಾ ಇದು, ಅಕ್ಕನ ಮಗನಾ? ಒಂದ್ ಓಲೆ ಎಲ್ಲಿ?’ ಎಂದರು. ತಮ್ಮ ಕಿವಿಯ ಕಥೆ ಶುರು ಮಾಡಿದ. ಸಾಲಿಗೆ ಸಾಲೇ ನಕ್ಕಿತು. ಬಡಿಸುವವನು, ‘ಮಗೀಗೊಂದು’ ಎಂದು ಎರಡನೇ ಒಬ್ಬಟ್ಟು ಹಾಕಿದ. ತಮ್ಮ ಎರಡನ್ನೂ ತಾನೇ ತಿಂದ.

ಹಿಂದಿರುಗುವ ಬಸ್ಸಿನಲ್ಲಿ ಮಗ ಅವನ ಹೆಗಲ ಮೇಲೆ ನಿದ್ದೆ ಹೋಗಿದ್ದ. ಬಹಳ ದೂರ ಬಂದ ಮೇಲೆ ತಮ್ಮ ಕಿಟಕಿಯ ಕಡೆ ನೋಡುತ್ತಾ, ‘ಯಾರೂ ಕೇಳ್ಲಿಲ್ಲ ಕಣಕ್ಕ’ ಎಂದ. ಏನು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಇಬ್ಬರೂ ಬಸ್ಸಿನಲ್ಲೇ ಅಳುತ್ತಿದ್ದೆವು.

ಇನ್ನು ನಾನು ಎಷ್ಟು ದಿನ ಮುಂದಕ್ಕೆ ಹಾಕಲಿ? ಮುಂದಿನ ಒಳ್ಳೆಯ ದಿನ ನೋಡಿ, ಆಚಾರ್ರ ಅಂಗಡಿಯಲ್ಲಿ, ಸೋದರಮಾವನ ತೊಡೆಯ ಮೇಲೆ, ಎರಡನೇ ಕಿವಿ ಚುಚ್ಚಿಸಿದೆವು. ತಟ್ಟೆಯಲ್ಲಿ ಅದೇ ಅಕ್ಕಿ, ಅದೇ ಬೆಲ್ಲ, ಅದೇ ಕಾಯಿ. ಈ ಸಲ ಮಗ ಕಚ್ಚಿದ್ದು ತಮ್ಮನ ಹೆಬ್ಬೆರಳನ್ನು, ಅವನು ಕೈ ಬಿಡಲಿಲ್ಲ. ಒಂದು ಓಲೆ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಮೇಲಿದೆ. ತವರಿನಲ್ಲಿ ಬಾಡೂಟವಾಯಿತು. ಟಗರು ಬೇಯಲು ಮಧ್ಯಾಹ್ನವಾಯಿತು. ಗೆಜ್ಜೆಯವನು ಹೆಂಡತಿಯ ಜೊತೆ ಬಂದಿದ್ದ. ಆಚಾರ್ರು, ಆಚಾರಮ್ಮ ನಮ್ಮ ಚಪ್ಪರದಲ್ಲಿ ಪಕ್ಕಪಕ್ಕ ಕೂತು ಮಾತಾಡಿದ್ದನ್ನು ನಾನೇ ನೋಡಿದೆ.

ಆದರೆ ಎಲೆ ಮುಂದೆ ಕೂತೂ ನಾನು ಮುಂದಿನ ಮುಹೂರ್ತದ ಲೆಕ್ಕ ಹಾಕುತ್ತಿದ್ದೆ. ಭಾನುವಾರ ಪಾಂಡವಪುರದಲ್ಲಿ ಮದುವೆ ಒಪ್ಪಿಕೊಂಡಿದ್ದೆ. ಇನ್ನು ಕಾಯಲು ಕಿವಿ ಉಳಿದಿರಲಿಲ್ಲ. ಬರುತ್ತೀಯಾ ಎಂದು ಕೇಳಲು ಬಾಯಿ ಬರಲಿಲ್ಲ, ಅವನೂ ಏನೂ ಹೇಳಲಿಲ್ಲ. ಶನಿವಾರ ಮದುಮಗಳ ಮನೆಗೆ ಫೋನು ಮಾಡಿ ಆಗುವುದಿಲ್ಲ ಎಂದು ಹೇಳಿಬಿಡಲು ನಂಬರು ತೆಗೆದೆ, ಒತ್ತಲು ಮನಸ್ಸಾಗದೆ ಇಟ್ಟೆ.

ಭಾನುವಾರ ಬೆಳಿಗ್ಗೆ ಬೈಕಿನ ಸದ್ದಾಯಿತು. ಮಗ, ‘ಅವ್ವ’ ಎಂದು ಬಾಗಿಲಿಗೆ ಓಡಿದ. ತಮ್ಮ ತಿಳಿನೀಲಿ ಬಣ್ಣದ ಹೊಸ ಷರ್ಟು ತೊಟ್ಟಿದ್ದ. ಮಡಿಕೆಯ ಗೆರೆಗಳು ಎದೆಯ ಮೇಲೆ ಹಾಗೇ ಇದ್ದವು.

‘ನಾವೂ ಛತ್ರಕ್ಕೇ ಬತ್ತೀವಿ ಕಣಕ್ಕ’ ಎಂದ, ಮಗನನ್ನು ಎತ್ತಿಕೊಳ್ಳುತ್ತಾ. ‘ಇವನ್ನ ಮದುಮಗಳ ರೂಮಿಗೆ ಬುಡಾಕಿಲ್ಲ, ಊಟದ ಮನೇಲೇ ಇಟ್ಕೊತೀನಿ.’

ಬಟ್ಟೆ ಅಂಗಡಿಯವರು ಚುಚ್ಚಿದ ಪಿನ್ನುಗಳನ್ನು ಅವನು ತೆಗೆದಿರಲಿಲ್ಲ. ನಾನು ಹತ್ತಿರ ಹೋಗಿ ಕಾಲರಿನಿಂದ ಒಂದೊಂದಾಗಿ ತೆಗೆದು ನನ್ನ ಡಬ್ಬಿಗೆ ಹಾಕಿಕೊಂಡೆ. ಮೂವರೂ ಬಸ್ಸಿಗೆ ಹೊರಟೆವು.